ಜಪಾನಿನ ಮನೆಗಳಲ್ಲಿ ಕಿರು ಈಥರ್ನೆಟ್ ಸ್ವಿಚ್

ರೂಟರಿನ ಒಂದು ಪೋರ್ಟಿಗೆ ಸಿಕ್ಕಿಸಿದರೆ ಅದನ್ನು ನಾಲ್ಕೋ ಏಳೋ ಪೋರ್ಟುಗಳಾಗಿ ಹರಡಿಕೊಡುವ ಅಂಗೈಯಗಲದ ಪೆಟ್ಟಿಗೆಯೇ ಕಿರು ಈಥರ್ನೆಟ್ ಸ್ವಿಚ್. ಜಪಾನಿನ ಅಂಗಡಿಗಳಲ್ಲಿ ಇದನ್ನು ಸ್ವಿಚ್ಚಿಂಗ್ ಹಬ್ ಎಂದೋ, ಚುಟುಕಾಗಿ ಹಬ್ ಎಂದೋ ಕೇಳಬೇಕು. ಐದು ಪೋರ್ಟಿನ ಸಾಮಾನ್ಯ ಗಿಗಾಬಿಟ್ ಮಾದರಿ ಎರಡು–ಮೂರು ಸಾವಿರ ಯೆನ್‌ಗೆ ಸಿಗುತ್ತದೆ. ಅದಕ್ಕೆ ಪಾಸ್‌ವರ್ಡ್ ಬೇಡ, ಆ್ಯಪ್ ಬೇಡ; ಕರೆಂಟು ಕೊಟ್ಟು ಕೇಬಲ್ ಸಿಕ್ಕಿಸಿದರೆ ಕೆಲಸ ಮುಗಿಯಿತು. ಇಷ್ಟು ಸರಳವಾದ ವಸ್ತುವಿನ ಬಗ್ಗೆ ಬರೆಯಲು ಏನಿದೆ ಎನ್ನುವವರಿಗೆ ಜಪಾನಿನ ಮನೆಗಳನ್ನೇ ತೋರಿಸಬೇಕು. ಅಲ್ಲಿ ವೇಗದ ಇಂಟರ್‌ನೆಟ್ ಬಾಗಿಲವರೆಗೆ ಬಹಳ ಬೇಗ ಬಂದುಬಿಟ್ಟಿತು. ಮನೆಯೊಳಗಿನ ತಂತಿ, ಗೋಡೆ, ಬಾಡಿಗೆ ಕರಾರು ಇವೆಲ್ಲ ಆ ವೇಗಕ್ಕೆ ಸಿದ್ಧವಾಗಿರಲಿಲ್ಲ. ಬಾಗಿಲಿನಿಂದ ಮೇಜಿನವರೆಗಿನ ಆ ಹತ್ತಾರು ಮೀಟರಿನಲ್ಲಿ ನಡೆಯುವ ಹೆಣಗಾಟವೆಲ್ಲ ಬಂದು ಸೇರುವುದು ಈ ಪೆಟ್ಟಿಗೆಯಲ್ಲಿ.

ಕೆಲಸ ಮಾಡುವ ಬಗೆ

ಈಥರ್ನೆಟ್ ಹುಟ್ಟಿದ್ದು 1973ರಲ್ಲಿ, ಅಮೆರಿಕದ ಜೆರಾಕ್ಸ್ ಸಂಶೋಧನಾ ಕೇಂದ್ರದಲ್ಲಿ, ರಾಬರ್ಟ್ ಮೆಟ್‌ಕಾಫ್ ಮತ್ತು ಡೇವಿಡ್ ಬಾಗ್ಸ್ ಅವರ ಕೈಯಲ್ಲಿ. ಮೊದಲಿಗೆ ಎಲ್ಲ ಯಂತ್ರಗಳೂ ಒಂದೇ ತಂತಿಯನ್ನು ಹಂಚಿಕೊಳ್ಳುತ್ತಿದ್ದವು. ಇಬ್ಬರು ಒಟ್ಟಿಗೆ ಮಾತಾಡಿದರೆ ಡಿಕ್ಕಿ, ಇಬ್ಬರೂ ಸುಮ್ಮನಾಗಿ ಮತ್ತೆ ಶುರು ಮಾಡಬೇಕು. ಆಮೇಲೆ ಬಂದ ಹಳೆಯ ಬಗೆಯ ಹಬ್, ಅಂದರೆ ರಿಪೀಟರ್ ಹಬ್, ಅದನ್ನೇ ಪೆಟ್ಟಿಗೆಯೊಳಗೆ ತುಂಬಿತಷ್ಟೆ. ಹಬ್ಬಿನದು ಡಂಗುರದವನ ಕೆಲಸ, ಒಬ್ಬರಿಗೆ ಹೇಳಬೇಕಾದ್ದನ್ನು ಊರಿಗೆಲ್ಲ ಸಾರುತ್ತದೆ. ಸ್ವಿಚ್ಚಿನದು ಅಂಚೆಯವನ ಕೆಲಸ, ವಿಳಾಸ ನೋಡಿ ಆ ಬಾಗಿಲಿಗೆ ಮಾತ್ರ ತಲುಪಿಸುತ್ತದೆ.

ಆ ವಿಳಾಸವೆಂದರೆ 48 ಬಿಟ್‌ಗಳ ಮ್ಯಾಕ್ ವಿಳಾಸ. ಯಾವ ಪೋರ್ಟಿನಿಂದ ಯಾವ ವಿಳಾಸದ ಫ್ರೇಮ್, ಅಂದರೆ ದತ್ತಾಂಶದ ಕಟ್ಟು, ಬಂತು ಎನ್ನುವುದನ್ನು ಸ್ವಿಚ್ ತಾನೇ ನೋಡಿ ಪಟ್ಟಿ ಮಾಡಿಕೊಳ್ಳುತ್ತದೆ. ಪಟ್ಟಿಯಲ್ಲಿಲ್ಲದ ವಿಳಾಸಕ್ಕೆ ಏನಾದರೂ ಬಂದರೆ ಎಲ್ಲ ಪೋರ್ಟುಗಳಿಗೂ ಕಳಿಸಿ, ಉತ್ತರ ಬಂದ ದಿಕ್ಕನ್ನು ಗುರುತು ಹಾಕಿಕೊಳ್ಳುತ್ತದೆ. ಕೆಲವು ನಿಮಿಷ, ಸಾಮಾನ್ಯವಾಗಿ 300 ಸೆಕೆಂಡು, ಸದ್ದಿಲ್ಲದೆ ಕೂತ ಸಾಧನದ ಹೆಸರನ್ನು ಪಟ್ಟಿಯಿಂದ ಹೊಡೆದುಹಾಕುತ್ತದೆ. ಈ ತತ್ವದ ಮೇಲೆ ಮಾರುಕಟ್ಟೆಗೆ ಬಂದ ಮೊದಲ ಸ್ವಿಚ್ 1990ರ ಈಥರ್‌ಸ್ವಿಚ್. ಅದಕ್ಕೆ ಏಳು ಪೋರ್ಟುಗಳಿದ್ದವು. ತಯಾರಿಸಿದ ಕಂಪನಿಯ ಹೆಸರು ಕಲ್ಪನಾ. ಭಾರತೀಯ ಮೂಲದ ವಿನೋದ್ ಭಾರದ್ವಾಜ್ ತಮ್ಮ ಪತ್ನಿಯ ಹೆಸರನ್ನೇ ಅದಕ್ಕಿಟ್ಟಿದ್ದರು. 1994ರಲ್ಲಿ ಸಿಸ್ಕೊ ಅದನ್ನು ಕೊಂಡಿತು. ಆಗ ದೊಡ್ಡ ಕಚೇರಿಗಳಿಗೆ ಮಾತ್ರ ಎಟುಕುತ್ತಿದ್ದ ವಸ್ತು ಇಂದು ಶಾಲಾ ಹುಡುಗರ ಮೇಜಿನ ಕಾಲಿಗೆ ಅಂಟಿಕೊಂಡಿರುತ್ತದೆ. ಅಂಟಿಕೊಂಡಿರುತ್ತದೆ ಎಂದರೆ ನಿಜಕ್ಕೂ ಅಂಟಿಕೊಂಡೇ: ಜಪಾನಿನ ಬಹಳಷ್ಟು ಮಾದರಿಗಳ ಬೆನ್ನಿಗೆ ಉಕ್ಕಿನ ಮೇಜಿಗೆ ಹಿಡಿಯಲೆಂದು ಅಯಸ್ಕಾಂತ ಇಟ್ಟಿರುತ್ತಾರೆ.

ಸ್ವಿಚ್ ಸೇರಿಸಿದರೆ ವೇಗ ಕಡಿಮೆಯಾಗುತ್ತದೆ ಎಂಬ ಭಯ ಆಟವಾಡುವ ಹುಡುಗರಲ್ಲಿ ಬಹಳ. ಲೆಕ್ಕ ಹಾಕಿ ನೋಡಬಹುದು. ಪೂರ್ತಿ ಗಾತ್ರದ ಫ್ರೇಮ್ ಎಂದರೆ 1,518 ಬೈಟ್. ಗಿಗಾಬಿಟ್ ವೇಗದಲ್ಲಿ ಅದನ್ನು ಪೂರ್ತಿ ಒಳಕ್ಕೆಳೆದು ಮುಂದಕ್ಕೆ ಬಿಡಲು ಸುಮಾರು 12 ಮೈಕ್ರೊಸೆಕೆಂಡು ಸಾಕು. ಹತ್ತು ಸ್ವಿಚ್ಚುಗಳನ್ನು ಸಾಲಾಗಿ ಜೋಡಿಸಿದರೂ ಒಂದು ಮಿಲಿಸೆಕೆಂಡಿನ ಎಂಟನೆಯ ಒಂದು ಭಾಗದಷ್ಟು ತಡ. ಟೋಕಿಯೊದಿಂದ ಒಸಾಕಾಕ್ಕೆ ಹೋಗಿಬರುವ ಮಿಲಿಸೆಕೆಂಡುಗಳ ಮುಂದೆ ಅದು ಲೆಕ್ಕಕ್ಕೇ ಇಲ್ಲ.

ಲೆಕ್ಕಕ್ಕೆ ಬರುವುದು ಬೇರೆ ಎರಡು ಸಂಗತಿ. ಮೊದಲನೆಯದು ಪೋರ್ಟಿನ ಎಣಿಕೆ: ನಾಲ್ಕು ಪೋರ್ಟಿನ ರೂಟರಿಗೆ ಐದು ಪೋರ್ಟಿನ ಸ್ವಿಚ್ ಸೇರಿಸಿದರೆ ಒಂಬತ್ತಾಗುವುದಿಲ್ಲ, ಏಳಾಗುತ್ತದೆ, ಎರಡೂ ಕಡೆ ಒಂದೊಂದು ಪೋರ್ಟು ಜೋಡಣೆಗೇ ಹೋಗುತ್ತದೆ. ಎರಡನೆಯದು ಆ ಜೋಡಣೆಯ ಕೇಬಲ್. ಸ್ವಿಚ್ಚಿನ ಹಿಂದಿರುವ ಎಲ್ಲ ಸಾಧನಗಳೂ ಹೊರಜಗತ್ತಿಗೆ ಹೋಗುವುದು ಅದೊಂದೇ ದಾರಿಯಲ್ಲಿ. ಗಿಗಾಬಿಟ್ ಕೇಬಲ್ಲಿನಲ್ಲಿ ಕೈಗೆ ಸಿಗುವ ನಿಜವಾದ ವೇಗ ಸೆಕೆಂಡಿಗೆ ಸುಮಾರು 940 ಮೆಗಾಬಿಟ್. ನಾಲ್ಕು ಜನ ಇಂಟರ್‌ನೆಟ್ಟಿನಿಂದ ಒಟ್ಟಿಗೆ ಎಳೆದರೆ ಅದನ್ನೇ ಹಂಚಿಕೊಳ್ಳಬೇಕು. ಆದರೆ ಫೋಟೊ ಕೂಡಿಡುವ ಎನ್‌ಎಎಸ್ ಪೆಟ್ಟಿಗೆಯೂ ಕಂಪ್ಯೂಟರೂ ಒಂದೇ ಸ್ವಿಚ್ಚಿನಲ್ಲಿದ್ದರೆ ಅವುಗಳ ನಡುವಿನ ಸಾಗಾಟ ಆ ದಾರಿಗೆ ಬರುವುದೇ ಇಲ್ಲ. ಆದ್ದರಿಂದ ತಮ್ಮತಮ್ಮಲ್ಲೇ ಹೆಚ್ಚು ಮಾತಾಡುವ ಯಂತ್ರಗಳನ್ನು ಒಂದೇ ಸ್ವಿಚ್ಚಿಗೆ ಹಾಕುವುದು ಜಾಣತನ.

ಬಾಗಿಲಿಗೆ ಬಂದ ವೇಗ

1990ರ ದಶಕದಲ್ಲಿ ಜಪಾನಿನ ಮನೆಗಳಿಗೆ ಸಿಗುತ್ತಿದ್ದ ವೇಗದ ದಾರಿ ಫೋನ್ ಕಂಪನಿ ಎನ್‌ಟಿಟಿಯ ಐಎಸ್‌ಡಿಎನ್ ಎಂಬ ಡಿಜಿಟಲ್ ಫೋನ್ ಸಾಲು, ಸೆಕೆಂಡಿಗೆ 64 ಕಿಲೊಬಿಟ್. 1995ರಲ್ಲಿ ಬಂದ ತೆರೆಹೋದಾಯಿ ಯೋಜನೆಯಲ್ಲಿ ರಾತ್ರಿ 11ರಿಂದ ಬೆಳಿಗ್ಗೆ 8ರವರೆಗೆ ನಿಗದಿತ ದರಕ್ಕೆ ಮಾತಾಡಬಹುದಿತ್ತು, ಹಾಗಾಗಿ ಇಂಟರ್‌ನೆಟ್ ಮಂದಿಗೆ ಹಗಲು ಶುರುವಾಗುತ್ತಿದ್ದುದೇ ರಾತ್ರಿ 11ಕ್ಕೆ. ಅದೇ 1995ರಲ್ಲಿ ಪಿಯಾನೊಗೆ ಹೆಸರಾದ ಹಮಾಮತ್ಸುವಿನ ಯಮಾಹಾ ಕಂಪನಿ ತನ್ನ ಮೊದಲ ರೂಟರ್ ಆರ್‌ಟಿ100ಐ ಹೊರತಂದಿತು. ಒಂದು ಫೋನ್ ಸಾಲನ್ನು ಹಲವು ಕಂಪ್ಯೂಟರುಗಳು ಹಂಚಿಕೊಳ್ಳುವ ರೂಢಿ ಸಣ್ಣ ಕಚೇರಿಗಳಿಗೂ ಉತ್ಸಾಹಿಗಳ ಮನೆಗಳಿಗೂ ಬಂದದ್ದು ಇಂಥ ಪೆಟ್ಟಿಗೆಗಳಿಂದ.

ನಿಜವಾದ ತಿರುವು 2001. ಜನವರಿಯಲ್ಲಿ ಸರ್ಕಾರ ಇ-ಜಪಾನ್ ಕಾರ್ಯನೀತಿ ಪ್ರಕಟಿಸಿತು: ಐದು ವರ್ಷಗಳಲ್ಲಿ 3 ಕೋಟಿ ಮನೆಗಳಿಗೆ ವೇಗದ, 1 ಕೋಟಿ ಮನೆಗಳಿಗೆ ಅತಿವೇಗದ ಸಂಪರ್ಕ ಸಿಗುವಂತಾಗಬೇಕು. ಮಾರ್ಚ್‌ನಲ್ಲಿ, ಅಂಗಡಿ–ಹೋಟೆಲುಗಳಿಗೆ ತಂತಿಯ ಮೂಲಕ ಹಿನ್ನೆಲೆ ಸಂಗೀತ ಒದಗಿಸುತ್ತಿದ್ದ ಯೂಸೆನ್ ಕಂಪನಿ ಮನೆಗಳಿಗೆ ಸೆಕೆಂಡಿಗೆ 100 ಮೆಗಾಬಿಟ್‌ನ ಆಪ್ಟಿಕಲ್ ಫೈಬರ್ ಸೇವೆ ಶುರು ಮಾಡಿತು. ಆಗಸ್ಟ್‌ನಲ್ಲಿ ಎನ್‌ಟಿಟಿಯ ಫೈಬರ್ ಸೇವೆ ಬಿ ಫ್ಲೆಟ್ಸ್ ಬಂತು. ಸೆಪ್ಟೆಂಬರ್‌ನಲ್ಲಿ ಯಾಹೂ ಬಿಬಿ ತಾಮ್ರದ ಫೋನ್ ತಂತಿಯ ಮೇಲೆಯೇ 8 ಮೆಗಾಬಿಟ್ ಎಡಿಎಸ್‌ಎಲ್ ಅನ್ನು ತಿಂಗಳಿಗೆ 2,280 ಯೆನ್‌ನಿಂದ ಕೊಡತೊಡಗಿತು. ಬೀದಿಬದಿಯಲ್ಲಿ, ರೈಲು ನಿಲ್ದಾಣದೆದುರು ಮೋಡೆಮ್ ತುಂಬಿದ ಕಾಗದದ ಚೀಲಗಳನ್ನು ದಾರಿಹೋಕರಿಗೆ ಹಂಚಿದ ಕಾಲವದು. ದರ ಸಮರದಲ್ಲಿ ಎಡಿಎಸ್‌ಎಲ್ ಗೆದ್ದಂತೆ ಕಂಡರೂ ಕೊನೆಗೆ ಉಳಿದದ್ದು ಫೈಬರ್. ಫೈಬರ್ ಸಿಗುವ ಪ್ರದೇಶಗಳಲ್ಲಿ ಎನ್‌ಟಿಟಿ ತನ್ನ ಎಡಿಎಸ್‌ಎಲ್ ಅನ್ನು 2023ರ ಜನವರಿ ಕೊನೆಗೆ ನಿಲ್ಲಿಸಿತು.

ಮನೆಯೊಳಗಿನ ಸಾಮಾನು ಮಾಡಿದವರು ಹೆಚ್ಚಾಗಿ ಟೋಕಿಯೊದ ಹೊರಗಿನವರು. ನಗೋಯಾದಲ್ಲಿ ಮಾಕಿ ಮಕೊತೊ 1975ರಲ್ಲಿ ಕಟ್ಟಿದ ಮೆಲ್ಕೊ ಮೊದಲು ಮಾಡುತ್ತಿದ್ದುದು ಆಡಿಯೊ ಉಪಕರಣ. 2003ರಲ್ಲಿ ಅದರ ಕಂಪ್ಯೂಟರ್ ಸಾಮಾನಿನ ಕಂಪನಿ ಬಫಲೊ ಎಂದು ಹೆಸರು ಬದಲಿಸಿತು. ಐ-ಓ ಡೇಟಾ ಕನಜಾವಾದ್ದು, 1976ರದ್ದು. ಎಲೆಕಾಮ್ ಒಸಾಕಾದ್ದು, 1986ರದ್ದು. ಕಚೇರಿ ಉಪಕರಣಗಳ ಅಲೈಡ್ ಟೆಲಿಸಿಸ್ ಮನೆಬಳಕೆಗೆಂದು ಕೊರೆಗಾ ಎಂಬ ಅಗ್ಗದ ಬ್ರಾಂಡ್ ಹುಟ್ಟುಹಾಕಿತ್ತು. ಹೊರಕವಚ ಯಾರದ್ದೇ ಆಗಿರಲಿ, ಕಿರು ಸ್ವಿಚ್ಚಿನ ಒಳಗೆ ಹಲವು ಸಲ ಸಿಗುವುದು ತೈವಾನಿನ ರಿಯಲ್‌ಟೆಕ್ ಚಿಪ್. ಆದ್ದರಿಂದ ಕೊಳ್ಳುವಾಗ ಬ್ರಾಂಡಿಗಿಂತ ವಾರಂಟಿ ಎಷ್ಟು ವರ್ಷ, ಅಡಾಪ್ಟರ್ ಹೊರಗೋ ಒಳಗೋ ಎಂದು ನೋಡುವುದೇ ಹೆಚ್ಚು ಉಪಯುಕ್ತ.

ಒಂದು ಅಡ್ಡಮಾತು. ಮೆಲ್ಕೊ ಹೆಸರು ಈಗ ಮತ್ತೆ ಆಡಿಯೊ ಲೋಕಕ್ಕೆ ಬಂದಿದೆ, ಅದೂ ಸ್ವಿಚ್ಚಿನ ರೂಪದಲ್ಲಿ. ಅದರ ಎಸ್100 ಎಂಬುದು ಸಂಗೀತಪ್ರಿಯರಿಗೆಂದೇ ಮಾಡಿದ ನೆಟ್‌ವರ್ಕ್ ಸ್ವಿಚ್. ಬೆಲೆ ಸಾಮಾನ್ಯ ಸ್ವಿಚ್ಚಿನ ಹತ್ತಾರು ಪಟ್ಟು. ಇಂಥವನ್ನು ಹಾಕಿದರೆ ಧ್ವನಿ ತಿಳಿಯಾಗುತ್ತದೆ ಎನ್ನುವವರು ಜಪಾನಿನಲ್ಲಿ ಕಡಿಮೆಯಿಲ್ಲ. ತಪ್ಪಾದ ಫ್ರೇಮನ್ನು ಎಸೆದು, ಬೇಕಾದ್ದನ್ನು ಮತ್ತೆ ತರಿಸಿಕೊಂಡು, ಮೊದಲು ಬಫರಿನಲ್ಲಿ ತುಂಬಿಸಿ ಆಮೇಲೆ ನುಡಿಸುವ ವ್ಯವಸ್ಥೆಯಲ್ಲಿ ದತ್ತಾಂಶ ಸ್ವಿಚ್ಚಿನಿಂದ ಬದಲಾಗಲು ದಾರಿಯಿಲ್ಲ. ವಿದ್ಯುತ್ ಗದ್ದಲ ಕಡಿಮೆಯಾಗುತ್ತದೆ ಎಂಬ ವಾದಕ್ಕೂ ಇಷ್ಟು ಖರ್ಚಿನ ಅಗತ್ಯವಿಲ್ಲ.

ಮನೆಯಲ್ಲಿ ಅದರ ಜಾಗ

ಫೈಬರ್ ಬಂದು ಮುಟ್ಟುವುದು ಒಎನ್‌ಯು ಎಂಬ ಪೆಟ್ಟಿಗೆಗೆ. ಬೆಳಕು ವಿದ್ಯುತ್ತಾಗುವುದು ಅಲ್ಲಿ. ಇಂಟರ್‌ನೆಟ್ ಫೋನ್ ಸೇವೆಯನ್ನೂ ತೆಗೆದುಕೊಂಡವರಿಗೆ ಎನ್‌ಟಿಟಿ ಹೋಮ್ ಗೇಟ್‌ವೇ ಎಂಬ ರೂಟರನ್ನೂ ಬಾಡಿಗೆಗೆ ಕೊಡುತ್ತದೆ; ಪಿಆರ್-500 ಸರಣಿಯಂಥವುಗಳ ಹಿಂದೆ ನಾಲ್ಕು ಪೋರ್ಟುಗಳಿರುತ್ತವೆ. ಸ್ವಿಚ್ಚಿನ ಸರಿಯಾದ ಜಾಗ ಈ ರೂಟರಿನ ಆಚೆ, ಮನೆಯ ಕಡೆಗೆ.

ಹಳೆಯ ಮನೆಗಳಲ್ಲಿ ಫೈಬರ್ ಒಳಬರುವುದು ಹಲವು ಸಲ ಏರ್‌ಕಂಡಿಷನರ್ ಪೈಪಿನ ತೂತಿನ ಮೂಲಕ. ಹಾಗಾಗಿ ಒಎನ್‌ಯು ಕೂರುವುದು ಮನೆಗೆ ಅನುಕೂಲವಾದ ಮೂಲೆಯಲ್ಲಲ್ಲ, ಏರ್‌ಕಂಡಿಷನರಿನ ಕೆಳಗೆ. ಈಚಿನ ‘ಮಾನ್ಷನ್’ಗಳಲ್ಲಿ, ಅಂದರೆ ಕಾಂಕ್ರೀಟ್ ಅಪಾರ್ಟ್‌ಮೆಂಟುಗಳಲ್ಲಿ, ಬೇರೆಯೇ ಏರ್ಪಾಡಿದೆ. ಚಪ್ಪಲಿ ಗೂಡಿನ ಮೇಲೋ ಬಟ್ಟೆ ಕಪಾಟಿನ ಒಳಗೋ ಮಾಹಿತಿ ಹಂಚಿಕೆಯ ಡಬ್ಬಿಯೊಂದಿರುತ್ತದೆ. ಪ್ಯಾನಸೋನಿಕ್ ಇಂಥದ್ದನ್ನು ಮತೊಮೆತೆ ನೆಟ್ ಎಂಬ ಹೆಸರಿನಲ್ಲಿ ಮಾರುತ್ತದೆ. ಮುಚ್ಚಳ ತೆಗೆದರೆ ಟಿವಿ ತಂತಿ, ಫೋನ್ ತಂತಿ, ಪ್ರತಿ ಕೋಣೆಯ ಗೋಡೆ ಸಾಕೆಟ್ಟಿಗೆ ಹೋಗುವ ನೆಟ್‌ವರ್ಕ್ ತಂತಿ ಎಲ್ಲ ಅಲ್ಲೇ ಕೂಡಿರುತ್ತವೆ, ಮಧ್ಯೆ ಒಂದು ಪುಟ್ಟ ಸ್ವಿಚ್. ಮನೆ ಕೊಂಡವರಲ್ಲೂ ಅದೊಂದಿದೆ ಎಂದು ತಿಳಿಯದವರಿದ್ದಾರೆ. ಕಟ್ಟಡದ ಜೊತೆ ಬಂದ ಆ ಸ್ವಿಚ್ 100 ಮೆಗಾಬಿಟ್‌ನದ್ದಾಗಿದ್ದರೆ ಗಿಗಾಬಿಟ್ ಸೇವೆಗೆ ಹಣ ಕಟ್ಟಿಯೂ ಕೋಣೆಯಲ್ಲಿ ಹತ್ತನೆಯ ಒಂದು ಪಾಲು ಮಾತ್ರ ಸಿಗುತ್ತದೆ. ವೇಗದ ದೂರಿಗೆ ಮೊದಲು ನೋಡಬೇಕಾದದ್ದು ಚಪ್ಪಲಿ ಗೂಡಿನ ಮೇಲೆ.

ಅಲ್ಲಿಯೂ ಸರಿಯಿದ್ದರೆ ದೀಪ ನೋಡಬೇಕು. ಪ್ರತಿ ಪೋರ್ಟಿನ ದೀಪ ಬಣ್ಣದಿಂದಲೋ ಸಂಖ್ಯೆಯಿಂದಲೋ ಜೋಡಣೆಯ ವೇಗ ಹೇಳುತ್ತದೆ. ಗಿಗಾಬಿಟ್‌ಗೆ ಕೇಬಲ್ಲಿನ ನಾಲ್ಕೂ ಜೋಡಿ ತಂತಿ ಬೇಕು. 100 ಮೆಗಾಬಿಟ್‌ಗೆ ಎರಡು ಜೋಡಿ ಸಾಕು. ಗೋಡೆ ಸಾಕೆಟ್ಟಿನಲ್ಲಿ ಒಂದು ಎಳೆ ಸಡಿಲಾಗಿದ್ದರೂ ಎರಡೂ ಕಡೆಯ ಯಂತ್ರಗಳು ಸದ್ದಿಲ್ಲದೆ ರಾಜಿಯಾಗಿ 100ಕ್ಕೆ ಇಳಿದುಬಿಡಬಹುದು. ಯಾವ ಎಚ್ಚರಿಕೆಯೂ ಬರುವುದಿಲ್ಲ, ಎಲ್ಲವೂ ನಡೆಯುತ್ತಿರುತ್ತದೆ. ಗಿಗಾಬಿಟ್ ಸೇವೆಯಿರುವ ಮನೆಯಲ್ಲಿ ವೇಗ ಪರೀಕ್ಷೆ ಮತ್ತೆ ಮತ್ತೆ ತೊಂಬತ್ತರ ಆಸುಪಾಸಿನಲ್ಲೇ ನಿಂತರೆ ಮನೆಯೊಳಗೆ ಎಲ್ಲೋ ಒಂದು ಕೊಂಡಿ 100 ಮೆಗಾಬಿಟ್‌ಗೆ ಇಳಿದಿದೆ ಎಂದೇ ತಿಳಿಯಬೇಕು: ಎಳೆ ಕಡಿದಿರಬಹುದು, ಸ್ವಿಚ್ ಹಳೆಯದಿರಬಹುದು, ಕೇಬಲ್ಲೇ ಹಳೆಯದಿರಬಹುದು.

ಹಲವು ಹಳೆಯ ಅಪಾರ್ಟ್‌ಮೆಂಟುಗಳಲ್ಲಿ ಇದಾವುದೂ ಕೈಯಲ್ಲಿಲ್ಲ. ಫೈಬರ್ ಕಟ್ಟಡದ ಕೆಳಗಿನ ಕೋಣೆಯವರೆಗೆ ಬಂದು, ಅಲ್ಲಿಂದ ಮನೆಮನೆಗೆ ಹಳೆಯ ಫೋನ್ ತಂತಿಯಲ್ಲೇ ವಿಡಿಎಸ್‌ಎಲ್ ಆಗಿ ಏರುತ್ತದೆ. ಅಲ್ಲಿ 100 ಮೆಗಾಬಿಟ್ಟೇ ಮಿತಿ. ಒಳಗೆ ಎಂಥ ಸ್ವಿಚ್ ಹಾಕಿದರೂ ಹೊರಗಿನ ವೇಗ ಹೆಚ್ಚುವುದಿಲ್ಲ.

ಮೊಳೆ ಹೊಡೆಯದ ಮನೆ

ಟೋಕಿಯೊದ ಎದೊಗಾವಾ ವಾರ್ಡಿನ ನಿಶಿಕಸಾಯಿಯಲ್ಲಿ 2000ದ ಹೊತ್ತಿನಿಂದ ಭಾರತೀಯ ಸಾಫ್ಟ್‌ವೇರ್ ಕುಟುಂಬಗಳು ನೆಲೆಸುತ್ತ ಬಂದಿವೆ. ಕನ್ನಡ ಮನೆಗಳೂ ಅವುಗಳಲ್ಲಿವೆ. ಜಾಮೀನುದಾರರನ್ನಾಗಲಿ ಕಾಣಿಕೆ ಹಣವನ್ನಾಗಲಿ ಕೇಳದ ಯುಆರ್ ಎಂಬ ಸರ್ಕಾರಿ ವಸತಿ ಸಂಸ್ಥೆಯ ಬಾಡಿಗೆ ಮನೆಗಳು ಹೊರದೇಶದವರಿಗೆ ಅನುಕೂಲ. ಆದರೆ ಬಾಡಿಗೆ ಮನೆ ಎಂದ ಮೇಲೆ ಬಿಡುವಾಗ ಮೊದಲಿದ್ದಂತೆ ಮಾಡಿಕೊಡಬೇಕು. 2020ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ತಿದ್ದುಪಡಿಯಾದ ನಾಗರಿಕ ಸಂಹಿತೆಯ 621ನೆಯ ವಿಧಿ, ಸಹಜ ಸವೆತಕ್ಕೆ ಬಾಡಿಗೆದಾರ ಹೊಣೆಯಲ್ಲ ಎಂದು ಸ್ಪಷ್ಟವಾಗಿ ಹೇಳುತ್ತದೆ. ಕೇಬಲ್ ಎಳೆಯಲು ಗೋಡೆಗೆ ಕೊರೆದ ತೂತು ಸಹಜ ಸವೆತದಲ್ಲಿ ಬರುವುದಿಲ್ಲ.

ಹೀಗಾಗಿ ಜಪಾನಿನ ಅಂಗಡಿಗಳಲ್ಲಿ ತೂತು ಕೊರೆಯದೆ ಕೇಬಲ್ ಎಳೆಯುವ ಸಾಮಾನುಗಳದ್ದೇ ಒಂದು ಸಾಲು. ತತಾಮಿ ಚಾಪೆಯ ಅಂಚಿನಲ್ಲಿ, ಜಾರುಬಾಗಿಲ ಹೊಸ್ತಿಲಿನಲ್ಲಿ ಹುದುಗುವ ಚಪ್ಪಟೆ ಕೇಬಲ್. ಅಲ್ಯೂಮಿನಿಯಂ ಕಿಟಕಿ ಮುಚ್ಚಿದರೂ ನಡುವೆ ನುಸುಳುವ ತೆಳು ಕೇಬಲ್. ಗೋಡೆಯ ಬುಡದ ಪಟ್ಟಿಗೆ ಅಂಟಿಸುವ ಪ್ಲಾಸ್ಟಿಕ್ ಮೋಲ್. ಕೇಬಲ್ಲಿನ ತುದಿಯ ಪುಟ್ಟ ಕೊಂಡಿ ಮುರಿಯುವುದು ಎಲ್ಲರ ಗೋಳು, ಅದಕ್ಕೂ ಮುರಿಯದ ಕೊಂಡಿಯ ಮಾದರಿಗಳಿವೆ. ಚಪ್ಪಟೆ ಕೇಬಲ್ ಹತ್ತಿಪ್ಪತ್ತು ಮೀಟರಿಗೆ ಚೆನ್ನಾಗಿ ನಡೆಯುತ್ತದೆ. ಈಥರ್ನೆಟ್ಟಿನ ಪೂರ್ತಿ 100 ಮೀಟರ್ ಮಿತಿಯನ್ನು ಅದರಿಂದ ನಿರೀಕ್ಷಿಸಬಾರದು. ಏಳನೇ ದರ್ಜೆ ಎಂದು ಬರೆದ ಕೇಬಲ್‌ಗಳು ಅಲ್ಲಿ ಬಿಸಿ ದೋಸೆಯಂತೆ ಖರ್ಚಾಗುತ್ತವೆ, ಆದರೆ ಆ ದರ್ಜೆಯ ಮಾನಕದಲ್ಲಿ ಮನೆಯ ಸಾಮಾನ್ಯ ಕನೆಕ್ಟರಿಗೆ ಜಾಗವೇ ಇಲ್ಲ. ಭೂಸ್ಪರ್ಶವಿಲ್ಲದ ಎರಡು ಕಡ್ಡಿಯ ಪ್ಲಗ್ಗಿನ ಸ್ವಿಚ್ಚಿಗೆ ಅದರ ಲೋಹದ ಹೊದಿಕೆಯಿಂದ ಏನೂ ಸಿಗದು. ಮನೆಗೆ 6 ಅಥವಾ 6ಎ ದರ್ಜೆ ಸಾಕು.

ಇಷ್ಟೆಲ್ಲದರ ಬದಲು ವೈ-ಫೈ ಸಾಲದೇ? ಹಲವು ಮನೆಗಳಿಗೆ ಸಾಕು. ಆದರೆ ಒತ್ತೊತ್ತಾದ ಅಪಾರ್ಟ್‌ಮೆಂಟುಗಳಲ್ಲಿ 2.4 ಗಿಗಾಹರ್ಟ್ಸ್ ಪಟ್ಟಿ ನೆರೆಹೊರೆಯವರಿಂದಲೇ ತುಂಬಿರುತ್ತದೆ. 5 ಗಿಗಾಹರ್ಟ್ಸ್‌ನ ಡಬ್ಲ್ಯು53, ಡಬ್ಲ್ಯು56 ಎಂಬ ಭಾಗಗಳನ್ನು ಹವಾಮಾನ ಮತ್ತು ವಿಮಾನ ರೇಡಾರುಗಳೊಡನೆ ಹಂಚಿಕೊಳ್ಳಬೇಕು. ರೇಡಾರಿನ ಸುಳಿವು ಸಿಕ್ಕರೆ ರೂಟರ್ ಆ ಚಾನೆಲ್ ಬಿಟ್ಟು ಬೇರೆಯದಕ್ಕೆ ಹೋಗಬೇಕು, ಹೊಸದೂ ಇದೇ ಪಟ್ಟಿಯದಾದರೆ ಒಂದು ನಿಮಿಷ ಕಿವಿಗೊಟ್ಟು ಕೇಳಿದ ಮೇಲೆಯೇ ಮಾತಾಡಬೇಕು. ಬೆಂಗಳೂರಿನ ಸಂಜೆ ಆರರ ಮೀಟಿಂಗು ಟೋಕಿಯೊದಲ್ಲಿ ರಾತ್ರಿ ಒಂಬತ್ತೂವರೆ. ಇಡೀ ಕಟ್ಟಡ ವಿಡಿಯೊ ನೋಡುತ್ತಿರುವ ಹೊತ್ತು. ಆಗ ಲ್ಯಾಪ್‌ಟಾಪನ್ನು ತಂತಿಗೆ ಹಾಕಿಕೊಳ್ಳುವುದು ನೆಮ್ಮದಿ.

ವಿದ್ಯುತ್ ತಂತಿಯಲ್ಲೇ ನೆಟ್‌ವರ್ಕ್ ಹರಿಸುವ ಪಿಎಲ್‌ಸಿ ಅಡಾಪ್ಟರನ್ನು ನಿಯಮ ಸಡಿಲಿಸಿದ ಕೂಡಲೇ, 2006ರ ಡಿಸೆಂಬರ್‌ನಲ್ಲಿ, ಪ್ಯಾನಸೋನಿಕ್ ಬಿಡುಗಡೆ ಮಾಡಿತ್ತು. ಚಾರ್ಜರುಗಳ ಗದ್ದಲಕ್ಕೆ ಅದು ತತ್ತರಿಸುತ್ತದೆ. ಬೇರೆ ದಾರಿಯೇ ಇಲ್ಲದವರಿಗೆ ಸರಿ.

ಕೆಡುವ ಬಗೆಗಳು

ಜಪಾನಿನ ಮನೆಗಳಿಗೇ ವಿಶೇಷವಾದ ತೊಂದರೆಯೊಂದು ಟಿವಿಯಿಂದ ಬರುತ್ತದೆ. 2008ರ ಮಾರ್ಚ್‌ನಲ್ಲಿ ಎನ್‌ಟಿಟಿ ಹೊಸ ಪೀಳಿಗೆಯ ಜಾಲದ ಸೇವೆಯನ್ನೂ, ಅದರ ಆಗಿನ ಅಂಗಸಂಸ್ಥೆ ಪ್ಲಾಲಾ ಹಿಕಾರಿ ಟಿವಿಯನ್ನೂ ಶುರು ಮಾಡಿದವು. ಹಿಕಾರಿ ಟಿವಿಯ ಚಾನೆಲ್‌ಗಳು ಮನೆಗೆ ಬರುವುದು ಐಪಿವಿ6 ಮಲ್ಟಿಕಾಸ್ಟ್ ರೂಪದಲ್ಲಿ: ಒಂದೇ ಹರಿವು, ಬೇಕಾದವರೆಲ್ಲ ಕೈಯೊಡ್ಡಿ ತೆಗೆದುಕೊಳ್ಳಬಹುದು. ಯಾರು ಕೈಯೊಡ್ಡಿದ್ದಾರೆ ಎಂದು ತಿಳಿಯಲು ಸ್ವಿಚ್ ಎಂಎಲ್‌ಡಿ ಎಂಬ ಸಂದೇಶಗಳನ್ನು ಕದ್ದು ಕೇಳಬೇಕು. ಅದಕ್ಕೆ ಎಂಎಲ್‌ಡಿ ಸ್ನೂಪಿಂಗ್ ಎನ್ನುತ್ತಾರೆ. ಆ ಗುಣವಿಲ್ಲದ ಅಗ್ಗದ ಸ್ವಿಚ್ ಹರಿವನ್ನು ಎಲ್ಲ ಪೋರ್ಟುಗಳಿಗೂ ಬಿಡುತ್ತದೆ. ತಂತಿಗೆ ಅದು ದೊಡ್ಡ ಹೊರೆಯಲ್ಲ. ಆ ಪೋರ್ಟುಗಳಲ್ಲೊಂದರಲ್ಲಿ ವೈ-ಫೈ ಕೇಂದ್ರವಿದ್ದರೆ ಮಾತ್ರ ಕಷ್ಟ. ವೈ-ಫೈ ಸಾಮಾನ್ಯವಾಗಿ ಮಲ್ಟಿಕಾಸ್ಟನ್ನು ಎಲ್ಲರಿಗೂ ಕೇಳಲೆಂದು ತನ್ನ ಅತಿ ನಿಧಾನದ ಮೂಲ ವೇಗದಲ್ಲಿ ಬಿತ್ತರಿಸುತ್ತದೆ. ಒಂದು ಎಚ್‌ಡಿ ಚಾನೆಲ್ ಗಾಳಿಯನ್ನೆಲ್ಲ ನುಂಗಿಬಿಡುತ್ತದೆ. ಹಾಲ್‌ನಲ್ಲಿ ಅಜ್ಜ ಟಿವಿ ಹಾಕಿದರೆ ಕೋಣೆಯಲ್ಲಿ ಮೊಮ್ಮಗಳ ಫೋನು ನಿಲ್ಲುತ್ತದೆ, ಟಿವಿ ಆರಿಸಿದರೆ ಸರಿಹೋಗುತ್ತದೆ. ರೋಗ ಹೀಗೆ ಗಡಿಯಾರದಂತೆ ಬಂದುಹೋದರೆ ಕಾರಣ ಇದೇ. ಟಿವಿ ಪೆಟ್ಟಿಗೆಯನ್ನು ನೇರ ಗೇಟ್‌ವೇಗೆ ಹಾಕಿ, ವೈ-ಫೈ ಇರುವ ಕೊಂಬೆಯಿಂದ ಬೇರೆಯಾಗಿಸುವುದು ಒಂದು ದಾರಿ; ಸ್ನೂಪಿಂಗ್ ಇರುವ ಸ್ವಿಚ್ ಕೊಳ್ಳುವುದು ಇನ್ನೊಂದು.

ಇನ್ನೊಂದು ಕೇಡು ಲೂಪ್. ಗುಡಿಸುವಾಗ ಬಿದ್ದಿದ್ದ ಕೇಬಲ್ ತುದಿಯನ್ನು ಯಾರೋ ಅಚ್ಚುಕಟ್ಟಿನ ಆಸೆಯಿಂದ ಖಾಲಿ ಪೋರ್ಟಿಗೆ ಸಿಕ್ಕಿಸುತ್ತಾರೆ; ಇನ್ನೊಂದು ತುದಿಯೂ ಅದೇ ಸ್ವಿಚ್ಚಿನಲ್ಲಿದೆ. ಎಲ್ಲರಿಗೂ ಎಂದು ಹೊರಟ ಒಂದು ಫ್ರೇಮ್ ಸುತ್ತಿ ಸುತ್ತಿ ಮರಿಹಾಕುತ್ತ ಕ್ಷಣದಲ್ಲಿ ಇಡೀ ಜಾಲ ತುಂಬುತ್ತದೆ. ಫ್ರೇಮಿಗೆ ಸಾವಿನ ಗಡುವಿಲ್ಲ, ಕೇಬಲ್ ಕೀಳುವವರೆಗೆ ಅದು ನಿಲ್ಲದು. ಕಣ್ಣಿಗೆ ಕಾಣುವ ಗುರುತು: ಯಾರೂ ಏನೂ ಮಾಡದಿದ್ದರೂ ಎಲ್ಲ ದೀಪಗಳೂ ಒಟ್ಟಿಗೆ, ಒಂದೇ ಸಮನೆ, ಹುಚ್ಚೆದ್ದು ಮಿನುಗುತ್ತಿರುತ್ತವೆ. ದೊಡ್ಡ ಕಚೇರಿಗಳಲ್ಲಿ ಇದನ್ನು ತಡೆಯಲು 1990ರಿಂದಲೇ ಸ್ಪ್ಯಾನಿಂಗ್ ಟ್ರೀ ಎಂಬ ಮಾನಕವಿದೆ. ಕಿರು ಸ್ವಿಚ್ಚುಗಳಲ್ಲಿ ಅದಿರುವುದಿಲ್ಲ. ಬದಲಿಗೆ ಬಫಲೊದಂಥವರ ಹಲವು ಮನೆ ಮಾದರಿಗಳಲ್ಲಿ ಲೂಪ್ ಪತ್ತೆಯ ದೀಪವಿದೆ. ಕೆಲವು ನೂರು ಯೆನ್ ಹೆಚ್ಚು ಕೊಟ್ಟರೂ ಅಡ್ಡಿಯಿಲ್ಲ ಎನ್ನಬಹುದಾದ ಸೌಕರ್ಯ ಇದೊಂದು.

ಎರಡು ರೂಟರಿನ ಗೊಂದಲವನ್ನು ಸ್ವಿಚ್ಚಿನ ತಲೆಗೆ ಕಟ್ಟುವುದು ಸಾಮಾನ್ಯ. ಗೇಟ್‌ವೇಯೇ ರೂಟರ್, ಅದರ ಕೆಳಗೆ ಅಂಗಡಿಯಿಂದ ತಂದ ವೈ-ಫೈ ರೂಟರನ್ನೂ ರೂಟರಾಗಿಯೇ ನಡೆಸಿದರೆ ಮನೆಯಲ್ಲಿ ಎರಡು ಜಾಲಗಳಾಗುತ್ತವೆ. ಒಂದರ ಪ್ರಿಂಟರ್ ಇನ್ನೊಂದಕ್ಕೆ ಕಾಣುವುದಿಲ್ಲ, ಆಟದ ಯಂತ್ರ ಗೊಣಗುತ್ತದೆ. ಬಫಲೊದ ರೂಟರುಗಳ ಬೆನ್ನಿಗೆ ರೂಟರ್, ಎಪಿ, ಡಬ್ಲ್ಯುಬಿ ಎಂದು ಬರೆದ ಜಾರುಗುಂಡಿಯಿರುತ್ತದೆ. ಅದನ್ನು ಎಪಿಗೆ ತಳ್ಳಿದರೆ ಆ ದುಬಾರಿ ರೂಟರ್ ವೈ-ಫೈ ಇರುವ ಸ್ವಿಚ್ಚಾಗಿಬಿಡುತ್ತದೆ. ಆಗ ಬೇರೆ ಸ್ವಿಚ್ ಕೊಳ್ಳುವ ಅಗತ್ಯವೇ ಬೀಳದಿರಬಹುದು.

ಸ್ವಿಚ್ಚನ್ನು ರೂಟರಿಲ್ಲದೆ ನೇರ ಒಎನ್‌ಯುಗೆ ಹಾಕುವುದು ಅಪಾಯ. ಎನ್‌ಟಿಟಿಯ ಜಾಲದಲ್ಲಿ ಅದು ನಡೆಯುತ್ತದೆ ಎಂಬುದೇ ತೊಂದರೆ. ಲಾಗಿನ್ ಹೆಸರು, ಪಾಸ್‌ವರ್ಡ್ ಕೊಟ್ಟು ಮಾಡುವ ಹಳೆಯ ಬಗೆಯ ಪಿಪಿಪಿಒಇ ಜೋಡಣೆಗಳು ಸಾಮಾನ್ಯವಾಗಿ ಎರಡರವರೆಗೆ ಏಕಕಾಲಕ್ಕೆ ಸಿಗುತ್ತವೆ, ಹಾಗಾಗಿ ಒಂದು ಸ್ವಿಚ್ಚಿನಿಂದ ಎರಡು ರೂಟರುಗಳಿಗೆ ಕವಲು ತೆಗೆಯುವ ಉತ್ಸಾಹಿಗಳಿದ್ದಾರೆ. ಆದರೆ ಲಾಗಿನ್ ಬೇಡದ ಹೊಸ ಬಗೆಯ ಜೋಡಣೆ ಐಪಿಒಇ ಚಾಲ್ತಿಯಲ್ಲಿದ್ದು ಫೋನ್ ಕರಾರು ಇಲ್ಲದ ಮನೆಯಲ್ಲಿ ಆ ಸ್ವಿಚ್ಚಿಗೆ ಟಿವಿಯನ್ನೋ ಪ್ರಿಂಟರನ್ನೋ ಸಿಕ್ಕಿಸಿದರೆ ಅದಕ್ಕೆ ಹೊರಜಗತ್ತಿನಿಂದ ತಲುಪಬಹುದಾದ ಐಪಿವಿ6 ವಿಳಾಸ ತಾನಾಗಿ ಬಂದುಬಿಡುತ್ತದೆ, ನಡುವೆ ಕಾವಲಿಗೆ ಏನೂ ಇರುವುದಿಲ್ಲ. ಸ್ವಿಚ್ ವಿಳಾಸ ನೋಡುತ್ತದೆಯೇ ಹೊರತು ಬರುವವರು ಯಾರೆಂದು ವಿಚಾರಿಸುವುದಿಲ್ಲ.

ಸಂಜೆ ಹೊತ್ತಿನ ನಿಧಾನಕ್ಕೂ ಸ್ವಿಚ್ಚಿಗೂ ಸಂಬಂಧ ಕಡಿಮೆ. ಒಂದು ಫೈಬರನ್ನು ಹೆಚ್ಚೆಂದರೆ 32 ಮನೆಗಳು ಹಂಚಿಕೊಳ್ಳುತ್ತವೆ. ಅದಕ್ಕಿಂತ ಇಕ್ಕಟ್ಟು ಪಿಪಿಪಿಒಇ ದಟ್ಟಣೆ ಕೊನೆಗೊಳ್ಳುವ ಎನ್‌ಟಿಟಿಯ ಉಪಕರಣಗಳಲ್ಲಿ. 2011ರಲ್ಲಿ ಬಂದ ಐಪಿಒಇ, ಆಮೇಲೆ ಅದರ ಮೇಲೆ ಹಳೆಯ ಐಪಿವಿ4 ಅನ್ನೂ ಸಾಗಿಸುವ ವಿ6 ಪ್ಲಸ್‌ನಂಥ ಸೇವೆಗಳು ಆ ಇಕ್ಕಟ್ಟನ್ನು ಸುತ್ತುಹಾಕುತ್ತವೆ. ಇದಕ್ಕೆ ಸೇವೆ ಕೊಡುವವರಿಗೆ ಅರ್ಜಿ ಹಾಕಬೇಕೇ ಹೊರತು ಅಂಗಡಿಗೆ ಹೋಗಬೇಕಿಲ್ಲ.

ಹತ್ತು ಗಿಗಾಬಿಟ್

2013ರ ಏಪ್ರಿಲ್‌ನಲ್ಲಿ ಸೋ-ನೆಟ್ ನ್ಯೂರೊ ಹಿಕಾರಿ ಎಂಬ 2 ಗಿಗಾಬಿಟ್ ಸೇವೆ ತಂದಾಗ, ಕೊಟ್ಟ ಪೆಟ್ಟಿಗೆಯ ಪೋರ್ಟುಗಳು ಒಂದೊಂದೂ 1 ಗಿಗಾಬಿಟ್‌ನವೇ. ಒಬ್ಬರಿಗೆ ಎರಡು ಸಿಗುವುದಿಲ್ಲ, ಇಬ್ಬರಿಗೆ ಒಂದೊಂದು ಸಿಗುತ್ತದೆ. 2020ರ ಏಪ್ರಿಲ್‌ನಲ್ಲಿ ಎನ್‌ಟಿಟಿಯ 10 ಗಿಗಾಬಿಟ್ ಫ್ಲೆಟ್ಸ್ ಹಿಕಾರಿ ಕ್ರಾಸ್ ಟೋಕಿಯೊ, ಒಸಾಕಾ, ನಗೋಯಾಗಳ ಕೆಲವು ಭಾಗಗಳಲ್ಲಿ ಶುರುವಾಯಿತು. ಅದೇ ತಿಂಗಳ 7ರಂದು ಕೊರೊನಾ ತುರ್ತು ಪರಿಸ್ಥಿತಿ ಘೋಷಣೆಯಾಗಿ ಕಚೇರಿಗಳು ಮನೆಗೆ ಬಂದವು.

ತಾಮ್ರದ ತಂತಿಯಲ್ಲಿ 10 ಗಿಗಾಬಿಟ್‌ನ ಮಾನಕ 2006ರಿಂದಲೇ ಇತ್ತು. ಆದರೆ ಅದರ ಚಿಪ್ ಬಿಸಿಯಾಗುತ್ತದೆ, ಸ್ವಿಚ್ಚಿಗೆ ಫ್ಯಾನ್ ಬೇಕಾಗಬಹುದು, ಮಲಗುವ ಕೋಣೆಯಲ್ಲಿ ಆ ಸದ್ದು ಯಾರಿಗೂ ಬೇಡ. ಚಪ್ಪಲಿ ಗೂಡಿನ ಮೇಲಿನ ಮುಚ್ಚಿದ ಡಬ್ಬಿಯೊಳಗಂತೂ ಇಡಲೇಬಾರದು. 2016ರಲ್ಲಿ ಬಂದ 2.5 ಗಿಗಾಬಿಟ್ ಮಾನಕ ಈ ನಡುವಿನ ಜಾಗಕ್ಕೆ ಒಪ್ಪುತ್ತದೆ: ಗೋಡೆಯೊಳಗಿನ ಹಳೆಯ 5ಇ ಕೇಬಲ್ಲಿನಲ್ಲೇ ಓಡುತ್ತದೆ, ಬಿಸಿ ಕಡಿಮೆ. ರೂಟರಿನ ಕಡೆಗೆ ಒಂದೆರಡು 10 ಗಿಗಾಬಿಟ್ ಪೋರ್ಟು, ಉಳಿದವು 2.5 ಇರುವ ಸ್ವಿಚ್ ಸದ್ಯಕ್ಕೆ ಮನೆಗೆ ಹದವಾದದ್ದು. ಎಲ್ಲ ಪೋರ್ಟೂ 10 ಇರಲಿ ಎನ್ನುವ ಆಸೆ ದುಬಾರಿ.

ಕರೆಂಟು, ಸಿಡಿಲು, ವಿಲೇವಾರಿ

ಕಿರು ಸ್ವಿಚ್ ತಿನ್ನುವುದು ಕೆಲವೇ ವ್ಯಾಟ್. 2010ರ ವಿದ್ಯುತ್ ಉಳಿತಾಯದ ಮಾನಕ ಬಂದ ಮೇಲೆ ಇನ್ನೂ ಕಡಿಮೆ. ಅಪಾಯವಿರುವುದು ಪ್ಲಗ್ಗಿನಲ್ಲಿ. ಪೀಠೋಪಕರಣದ ಹಿಂದೆ ವರ್ಷಗಟ್ಟಲೆ ಕೂತ ಅಡಾಪ್ಟರಿನ ಕಡ್ಡಿಗಳ ನಡುವೆ ದೂಳು ಸೇರಿ, ತೇವ ಹಿಡಿದು, ಕರೆಂಟು ದಾಟಿ ಹೊತ್ತಿಕೊಳ್ಳುವುದಕ್ಕೆ ಅಲ್ಲಿ ಟ್ರ್ಯಾಕಿಂಗ್ ಎನ್ನುತ್ತಾರೆ, ಅಗ್ನಿಶಾಮಕ ಇಲಾಖೆಗಳು ಆಗಾಗ ಎಚ್ಚರಿಸುವ ವಿಷಯವಿದು. ಅಡಾಪ್ಟರಿನ ಮೇಲೆ ವಿದ್ಯುತ್ ಸುರಕ್ಷತೆಯ ಪಿಎಸ್‌ಇ ಗುರುತು ಇರಬೇಕಾದದ್ದು ಕಾನೂನು.

ಸಿಡಿಲು ಗುನ್ಮಾ, ತೊಚಿಗಿ ಕಡೆ ಬೇಸಿಗೆಯಲ್ಲಿ ಬಂದರೆ ಜಪಾನ್ ಸಮುದ್ರದ ದಂಡೆಯ ಹೊಕುರಿಕುವಿನಲ್ಲಿ ಚಳಿಗಾಲದಲ್ಲಿ ಬರುತ್ತದೆ. ಫೈಬರ್ ಸಿಡಿಲನ್ನು ಒಯ್ಯುವುದಿಲ್ಲ, ಕರೆಂಟಿನ ತಂತಿಯೂ ತಾಮ್ರದ ಕೇಬಲ್ಲೂ ಒಯ್ಯುತ್ತವೆ. ಹಳ್ಳಿಯ ದೊಡ್ಡ ಮನೆಗಳಲ್ಲಿ ಮುಖ್ಯ ಮನೆಯಿಂದ ಅಂಗಳದಾಚೆಯ ಹೊರಮನೆಗೆ ತಾಮ್ರದ ಕೇಬಲ್ ಎಳೆದವರು ಸಿಡಿಲಿನ ಒಂದೇ ಹೊಡೆತಕ್ಕೆ ಎರಡೂ ಕಡೆಯ ಸ್ವಿಚ್ ಕಳೆದುಕೊಳ್ಳಬಹುದು. ಅಲ್ಲಿ ನಡುವೆ ಫೈಬರ್ ಹಾಕಿ, ಎರಡು ತುದಿಗೂ ಬೆಳಕನ್ನು ವಿದ್ಯುತ್ತಾಗಿಸುವ ಮೀಡಿಯಾ ಕನ್ವರ್ಟರ್ ಇಡುವುದು ಲೇಸು.

2011ರ ಮಾರ್ಚ್ 11ರ ಭೂಕಂಪದ ನಂತರ, 14ರಿಂದ 28ರವರೆಗೆ ಟೋಕಿಯೊ ವಿದ್ಯುತ್ ಕಂಪನಿ ಸರದಿ ಪ್ರಕಾರ ಕರೆಂಟು ತೆಗೆಯಿತು. ಆಗ ಫೈಬರ್ ಫೋನ್ ಇದ್ದ ಮನೆಗಳಲ್ಲಿ ಒಎನ್‌ಯು ಆರಿದ ಕೂಡಲೇ ಫೋನೂ ಸತ್ತಿತು. ತಾಮ್ರದ ತಂತಿಯ ಹಳೆಯ ಸರಳ ಫೋನು ಮಾತ್ರ ಎಕ್ಸ್‌ಚೇಂಜಿನ ಕರೆಂಟಿನಿಂದ ನಡೆಯಿತು. ಒಎನ್‌ಯು, ರೂಟರ್, ಸ್ವಿಚ್ ಮೂರನ್ನೂ ಒಂದು ಸಣ್ಣ ಯುಪಿಎಸ್‌ಗೆ ಹಾಕಿದರೆ ಒಂದಿಷ್ಟು ಹೊತ್ತು ತಳ್ಳಬಹುದು. ಒಂದನ್ನು ಬಿಟ್ಟರೆ ಉಳಿದೆರಡರಿಂದ ಉಪಯೋಗವಿಲ್ಲ.

ಕೆಟ್ಟ ಸ್ವಿಚ್ಚನ್ನು ಸುಡುವ ಕಸಕ್ಕೋ ಸುಡದ ಕಸಕ್ಕೋ ಹಾಕುವ ಬದಲು ನಗರಸಭೆಯ ಸಣ್ಣ ಉಪಕರಣಗಳ ಪೆಟ್ಟಿಗೆಗೆ ಹಾಕಬಹುದು. ಸಣ್ಣ ಗೃಹೋಪಯೋಗಿ ಉಪಕರಣಗಳ ಮರುಬಳಕೆ ಕಾನೂನು 2013ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಟೋಕಿಯೊ 2020ರ ಒಲಿಂಪಿಕ್ ಪದಕಗಳ ಲೋಹವನ್ನು ಜನರಿಂದ ಕೂಡಿಸಿದ ಹಳೆಯ ಉಪಕರಣಗಳಿಂದಲೇ ತೆಗೆದರು. 2017ರಿಂದ 2019ರವರೆಗೆ ಸ್ಥಳೀಯ ಆಡಳಿತಗಳು ಕೂಡಿಸಿದ್ದೇ 78,985 ಟನ್. ಸ್ವಿಚ್ಚಿನ ಅಡಾಪ್ಟರನ್ನೂ ಜೊತೆಗೇ ಹಾಕಬೇಕು. ಒಎನ್‌ಯು ಮತ್ತು ಗೇಟ್‌ವೇಗಳನ್ನು ಮಾತ್ರ ಆ ಪೆಟ್ಟಿಗೆಗೆ ಹಾಕುವಂತಿಲ್ಲ: ಅವು ಬಾಡಿಗೆಯವು, ಸಂಪರ್ಕ ಕೊನೆಗೊಳಿಸಿದಾಗ ಕಂಪನಿಗೆ ಹಿಂದಿರುಗಿಸಬೇಕು, ಇಲ್ಲವಾದರೆ ಅವುಗಳ ಬೆಲೆ ಕೊನೆಯ ಬಿಲ್ಲಿಗೆ ಸೇರಬಹುದು.